ಕೆಜಾಯಳ ಸೂಜಿಡಬ್ಬಿ

ಆವ್ರಿಲ್ ಥರ್ಲೋ ಮೂವತ್ತೊಂದು ವರ್ಷ ಸಫೋಕ್ ಸೀಮೆಯ ಒಂದು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿದಳು. ದಿನಕ್ಕೆ ನೂರ ಎಂಬತ್ತು ತಟ್ಟೆ. ಆ ಅಡುಗೆಮನೆ ಅವಳಿಗೆ ಕೊಟ್ಟದ್ದು ಎರಡು: ಎಡಗೈ ಮೇಲೊಂದು ಸುಟ್ಟ ಕಲೆ, ಮತ್ತು ಒಂದು ಜೊತೆ ಅಸಾಧಾರಣ ಕಿವಿ. ಬೆನ್ನು ತಿರುಗಿಸಿ ಕ್ಯಾರೆಟ್ ಹೆಚ್ಚುತ್ತಿದ್ದಾಗಲೂ ಯಾವ ಪಾತ್ರೆಯಲ್ಲಿ ನೀರು ಇಂಗುತ್ತಿದೆ, ಯಾವುದರಲ್ಲಿ ಹಾಲು ಉಕ್ಕಲು ಹೊರಟಿದೆ ಎಂಬುದು ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಕೆಲಸದಿಂದ ನಿವೃತ್ತಳಾದ ಮೇಲೆ ಆ ಕಿವಿಗೆ ಮಾಡಲು ಏನೂ ಉಳಿಯಲಿಲ್ಲ. "ಆವ್ರಿಲ್, ನನ್ನ ಕನ್ನಡಕ ನೋಡಿದ್ಯಾ?" ಎಂಬ ಗಂಡನ ದನಿಯೊಂದೇ ದಿನಕ್ಕೆ ನಾಲ್ಕು ಸಲ ಬಂದು ಬಡಿಯುತ್ತಿತ್ತು.

ಗಂಡ ಕ್ಲೈವ್ ಬಸ್ಸು ಓಡಿಸುತ್ತಿದ್ದವನು. ಅವನು ನಿವೃತ್ತನಾದಾಗ ಮಣ್ಣಿನೊಳಗಿನ ಲೋಹವನ್ನು ಪತ್ತೆಹಚ್ಚುವ ಒಂದು ಡಿಟೆಕ್ಟರ್ ಕೊಂಡುತಂದ. ಎರಡು ಸಲ ಹೊಲಕ್ಕೆ ಹೋದ, ತಂಪುಪಾನೀಯದ ಡಬ್ಬಿಗಳ ಕಿತ್ತ ಉಂಗುರ ಹನ್ನೊಂದು ತಂದ, ಸೊಂಟ ಹಿಡಿಯಿತು, ಬಿಟ್ಟ. ಮಾರನೆಯ ವರ್ಷ ಮೆಟ್ಟಿಲ ಕೆಳಗಿನ ಗೂಡು ಒರೆಸುವಾಗ ಆ ಯಂತ್ರ ಆವ್ರಿಲಳ ಕೈಗೆ ಸಿಕ್ಕಿತು. ಹಿತ್ತಿಲ ತರಕಾರಿ ಮಡಿಯ ಮೇಲೆ ಸುಮ್ಮನೆ ಆಡಿಸಿ ನೋಡಿದಳು. ಅರ್ಧ ಗಂಟೆಯಲ್ಲಿ ಅವಳದೇ ಕಳೆದುಹೋದ ಎರಡು ಚಮಚ, ಮಗಳು ಚಿಕ್ಕವಳಿದ್ದಾಗಿನ ಒಂದು ಆಟದ ಕಾರು, ಮನೆಯ ಯಾವ ಬಾಗಿಲಿಗೂ ಸಂಬಂಧವಿಲ್ಲದ ಒಂದು ಬೀಗದಕೈ ಮೇಲೆದ್ದು ಬಂದವು. ಆ ಮಧ್ಯಾಹ್ನ ಚಹಾ ಮಾಡುವುದು ಅವಳಿಗೆ ಮರೆತೇ ಹೋಯಿತು.

ಹುಡುಕುವುದು ಅವಳಿಗೆ ಹೊಸದಲ್ಲ. ಕನ್ನಡಕ, ಕಾಲುಚೀಲದ ಎರಡನೆಯದು, ಮಗಳ ಶಾಲೆಯ ಪತ್ರ, ಔಷಧಿ ಚೀಟಿ, ಎಲ್ಲವನ್ನೂ ಮದುವೆಯಾದಾಗಿನಿಂದ ಅವಳೇ ಹುಡುಕಿ ಕೊಟ್ಟಿದ್ದಳು. ಆದರೆ ಯಾರೂ ಕೇಳದೆ, ಯಾರಿಗೂ ಕೊಡಬೇಕಾಗಿಲ್ಲದೆ, ಏನು ಸಿಗುತ್ತದೆಂದು ಗೊತ್ತೇ ಇಲ್ಲದೆ ಹುಡುಕುವುದು ಬೇರೆಯೇ ಸಂಗತಿ. ಹಾಗೆ ಹುಡುಕಲು ಶುರುಮಾಡಿದಾಗ ಅವಳಿಗೆ ಅರವತ್ತೊಂದು.

ಮುಂದಿನ ಐದು ವರ್ಷ ಅವಳ ಕಿವಿ ಮತ್ತೆ ಕೆಲಸಕ್ಕೆ ಹತ್ತಿತು. ಕಬ್ಬಿಣದ ಮೊಳೆ ಸಿಕ್ಕರೆ ಯಂತ್ರ ಗೊಣಗುತ್ತದೆ. ಚಾಕಲೇಟಿನ ತಗಡು ಚಟಪಟ ಎನ್ನುತ್ತದೆ. ಹಿತ್ತಾಳೆ, ತಾಮ್ರ, ಬೆಳ್ಳಿಯ ದನಿ ಮಾತ್ರ ದುಂಡಗೆ, ಎಡದಿಂದ ಬೀಸಿದರೂ ಬಲದಿಂದ ಬೀಸಿದರೂ ಒಂದೇ ಸಮನೆ ಬರುತ್ತದೆ. ಅದು ಕೇಳಿದ ಕೂಡಲೇ ನಿಲ್ಲಬೇಕು. ಮಂಡಿಯೂರಬೇಕು. ಮಣ್ಣನ್ನು ಮೂರು ಕಡೆ ಕತ್ತರಿಸಿ ಪೈಯ ಮೇಲ್ಪದರದಂತೆ ಎತ್ತಬೇಕು. ಒದ್ದೆ ಮಣ್ಣಿನ ಮುದ್ದೆಯೊಳಗೆ ಬೆರಳಾಡಿಸಬೇಕು. ಅಲ್ಲಿರುವುದು ರಾಜನ ತಲೆಯ ನಾಣ್ಯವೋ ಹಳೆಯ ಟ್ರಾಕ್ಟರಿನ ತುಂಡೋ ಎಂದು ತಿಳಿಯದ ಆ ಒಂದು ನಿಮಿಷವೇ ಇಡೀ ಆಟದ ಸವಿ. ಅದು ಟ್ರಾಕ್ಟರಿನ ತುಂಡೇ ಆಗಿದ್ದರೂ ಅವಳಿಗೆ ಬೇಸರವಾಗುತ್ತಿರಲಿಲ್ಲ. ಕುಳಿ ಮುಚ್ಚಿ, ಕಾಲಿನಿಂದ ಒತ್ತಿ, ಮುಂದಿನ ಹೆಜ್ಜೆ. ಮೇಲೆ ದೊಡ್ಡ ಆಕಾಶ, ನೇಗಿಲ ಹಿಂದೆ ಬಂದು ಇನ್ನೂ ಹೋಗದ ನಾಲ್ಕು ಕಡಲಹಕ್ಕಿ, ಬೇಲಿಯ ಬುಡದಲ್ಲಿ ಅವಳನ್ನೇ ನೋಡುತ್ತಾ ಕುಳಿತ ಒಂದು ಮೊಲ. ಆ ಹೊತ್ತಿನಲ್ಲಿ ಅವಳಿಂದ ಯಾರಿಗೂ ಏನೂ ಬೇಕಾಗಿರುತ್ತಿರಲಿಲ್ಲ.

ತಿಂಗಳ ಮೊದಲ ಮಂಗಳವಾರ ಊರಿನ ಪಬ್ಬಿನ ಹಿಂದಿನ ಕೋಣೆಯಲ್ಲಿ ಈ ಹವ್ಯಾಸದವರ ಸಂಘ ಸೇರುತ್ತದೆ. ಹದಿನಾಲ್ಕು ಗಂಡಸರು, ಇಬ್ಬರು ಹೆಂಗಸರು. ಒಮ್ಮೆ ಚಿನ್ನದ ನಾಣ್ಯ ಸಿಕ್ಕಿದ ಡೆಸ್ಮಂಡ್ ಪಾಸ್ಕ್ ಅಲ್ಲಿನ ದೊಡ್ಡ ಮನುಷ್ಯ. ನಾಣ್ಯ ಸಿಕ್ಕಿ ಹನ್ನೆರಡು ವರ್ಷವಾದರೂ ಅದರ ಸುದ್ದಿ ಇನ್ನೂ ಬಿಸಿಯಾಗಿಯೇ ಇತ್ತು.

"ಏನ್ ಆವ್ರಿಲ್, ಈ ತಿಂಗಳೂ ಅಂಗಿಗುಂಡೀನೇನಾ?" ಎಂದು ಅವನು ಅವಳ ಡಬ್ಬಿಯೊಳಗೆ ಇಣುಕುತ್ತಿದ್ದ.

"ಹೂಂ ಡೆಸ್ಮಂಡ್. ನಿನ್ನ ಅಂಗೀಲಿ ಎರಡು ಕಮ್ಮಿ ಇದಾವಲ್ಲ, ಆರಿಸ್ಕೋ."

"ಹೊಲಿದುಕೊಡ್ತೀಯಾ?"

"ಸೂಜಿ ಬೇಕಾದ್ರೆ ಕೊಡ್ತೀನಿ."

ಗುಂಡಿಗಳೆಲ್ಲ ಬರುತ್ತಿದ್ದದ್ದು ಫಿಸ್ಕ್ ಎಂಬ ರೈತನ ಕೆರೆಬದಿಯ ಹೊಲದಿಂದ. ಸಂಘದವರು ಒಂದು ಸಲ ಅಲ್ಲಿ ಓಡಾಡಿ, ಬರೀ ಕಸ ಎಂದು ಕೈಬಿಟ್ಟಿದ್ದರು. ಕಸ ಎಂಬುದು ನಿಜವೇ. ಹಿಂದಿನ ಕಾಲದಲ್ಲಿ ಪಟ್ಟಣದ ಮನೆಗಳ ಗುಡಿಸಿದ ಕಸ, ಹರಿದ ಉಣ್ಣೆಬಟ್ಟೆ, ಒಲೆಯ ಬೂದಿ, ಎಲ್ಲವನ್ನೂ ಗಾಡಿಯಲ್ಲಿ ತುಂಬಿ ತಂದು ಗೊಬ್ಬರವೆಂದು ಆ ಹೊಲಕ್ಕೆ ಸುರಿಯುತ್ತಿದ್ದರು. ಕಸ ಅಂದಮೇಲೆ ಅದನ್ನು ಯಾರೋ ಗುಡಿಸಿರಬೇಕಲ್ಲ ಎಂಬ ಯೋಚನೆ ಬಂದದ್ದು ಆವ್ರಿಲಳಿಗೆ ಮಾತ್ರ. ಗುಂಡಿಗಳ ಜೊತೆ ಅವಳಿಗೆ ಹೊಲಿಗೆಯವರು ಬೆರಳಿಗೆ ತೊಡುವ ಹಿತ್ತಾಳೆಯ ಟೊಪ್ಪಿಗಳು ಹದಿನೇಳು ಸಿಕ್ಕಿದ್ದವು. ಒಂದೊಂದನ್ನೂ ತನ್ನ ಬೆರಳಿಗೆ ತೊಟ್ಟು ನೋಡಿದ್ದಳು. ಹೆಚ್ಚಿನವು ಕಿರುಬೆರಳಿಗೂ ಇಳಿಯುತ್ತಿರಲಿಲ್ಲ. ತೊಟ್ಟವರು ಎಷ್ಟು ಚಿಕ್ಕವರೋ.

"ಚಿನ್ನ ಸಿಕ್ರೆ ಅರ್ಧ ನಂದು, ಗುಂಡಿ ಸಿಕ್ರೆ ಪೂರ್ತಿ ನಿಂದು, ಹುಡುಗಿ" ಎಂದಿದ್ದ ಫಿಸ್ಕ್. ಆ ಸೀಮೆಯಲ್ಲಿ ಅರವತ್ತಾರರ ಹೆಂಗಸೂ ಹುಡುಗಿಯೇ.

ಆ ವರ್ಷದ ಮಾರ್ಚಿನಲ್ಲಿ, ಬಿತ್ತನೆಗೆ ಮುಂಚೆ, ಅವಳಿಗೆ ಅಲ್ಲಿ ಒಂದು ಪುಟ್ಟ ಹಿತ್ತಾಳೆ ಮುಚ್ಚಳ ಸಿಕ್ಕಿತು. ಸೂಜಿಗಳನ್ನಿಡುವ ಉದ್ದ ಕೊಳವೆಯಂಥ ಡಬ್ಬಿಯ ಮುಚ್ಚಳ. ಅದರ ಮೇಲೆ ಯಾರೋ ಮೊಳೆಯ ಮೊನೆಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಹೆಣ್ಣಿನ ಹೆಸರೊಂದನ್ನು ಬರೆದಿದ್ದರು: ಕೆಜಾಯ. ಅದರ ಮುಂದೆ ಇನ್ನೇನೋ ಕೆಳಗಿನ ಕೊಳವೆಯ ಮೇಲೆ ಮುಂದುವರಿದಿತ್ತೆಂಬುದಕ್ಕೆ ಅಂಚಿನಲ್ಲಿ ಎರಡೇ ಚುಕ್ಕೆಯ ಗುರುತು. ಸಿಕ್ಕಿದ ವಸ್ತುಗಳ ದಾಖಲೆ ಬರೆದುಕೊಳ್ಳುವ ಇಮೊಜೆನ್ ಎಂಬ ಹುಡುಗಿ ಕೌಂಟಿಯ ವಸ್ತುಸಂಗ್ರಹಾಲಯದಲ್ಲಿದ್ದಳು. ಅವಳು ಮುಚ್ಚಳವನ್ನು ದೀಪದಡಿ ತಿರುಗಿಸಿ ನೋಡಿ, "ಇನ್ನೂರು ವರ್ಷದ್ದಾದ್ರೂ ಇರುತ್ತೆ. ಕೆಳಗಿನ ಭಾಗ ಸಿಕ್ರೆ ಯಾರು ಅಂತ ಗೊತ್ತಾಗಬಹುದು. ಅದೂ ಅಲ್ಲೇ ಎಲ್ಲೋ ಇರುತ್ತೆ. ಸಿಕ್ಕೇ ಸಿಗುತ್ತೆ ಅಂತ ಮಾತ್ರ ಹೇಳಲ್ಲ" ಎಂದಳು.

ಅವತ್ತಿನಿಂದ ಆವ್ರಿಲಳಿಗೆ ಅದೊಂದೇ ಧ್ಯಾನ. ಆಗಸ್ಟಿನಲ್ಲಿ ಗೋಧಿ ಕೊಯ್ಲಾದ ಮೇಲೆ ಹೊಲವನ್ನು ಬಿದಿರುಕಡ್ಡಿ ನೆಟ್ಟು ಪಟ್ಟೆ ಪಟ್ಟೆಯಾಗಿ ಹಂಚಿಕೊಂಡಳು. ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ, ಅವರನ್ನು ಕರೆತರುವ ಮುಂಚೆ, ಸಿಕ್ಕಷ್ಟು ಹೊತ್ತು ನಡೆದಳು. ಅಕ್ಟೋಬರಿನ ಕೊನೆಯ ವಾರಕ್ಕೆ ಕೆರೆಯ ಬದಿಯ ಏಳು ಪಟ್ಟೆ ಉಳಿದಿದ್ದವು.

ಆ ಗುರುವಾರ ಫಿಸ್ಕ್ ಫೋನ್ ಮಾಡಿದ. "ಹುಡುಗಿ, ಸೋಮವಾರದಿಂದ ಕೆರೆಬದಿ ಹೊಲಕ್ಕೆ ಓಕ್ ಸಸಿ ನೆಡ್ತಾರೆ. ಕಾಡು ಬೆಳೆಸೋದು ಅಂತ ಆಗಿದೆ. ಆಮೇಲೆ ಅಲ್ಲಿ ಗುದ್ದಲಿ ಇಡೋ ಹಂಗಿಲ್ಲ."

"ಎಷ್ಟು ದಿನ?"

"ಓಕ್ ಮರ ಎಷ್ಟು ದಿನ ಇರುತ್ತೋ ಅಷ್ಟು ದಿನ."

ಶುಕ್ರವಾರ ಶಾಲೆಗೆ ರಜೆ. ಮೊಮ್ಮಕ್ಕಳು ಇಡೀ ದಿನ ಅವಳ ಮನೆಯಲ್ಲಿ. ಶನಿವಾರ ಬಿಡದೆ ಮಳೆ. ಉಳಿದದ್ದು ಭಾನುವಾರ. ಆದರೆ ಭಾನುವಾರವೆಂದರೆ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಮೇಜಿನ ಮೇಲೆ ಹುರಿದ ಗೋಮಾಂಸ, ಮಗಳು ಜೋಆನ್, ಅವಳ ಗಂಡ, ಮಕ್ಕಳು. ನಲವತ್ತೆರಡು ವರ್ಷದಿಂದ ಅದು ತಪ್ಪಿರಲಿಲ್ಲ. ಅವಳಿಗೆ ಜ್ವರ ಬಂದ ಭಾನುವಾರವೂ ತಪ್ಪಿರಲಿಲ್ಲ.

"ಕ್ಲೈವ್, ನಾಳೆ ಅಡುಗೆ ನಿಂದು" ಎಂದಳು ಶನಿವಾರ ಸಂಜೆ.

ಕ್ಲೈವ್ ಪೇಪರನ್ನು ಮೂಗಿನವರೆಗೆ ಇಳಿಸಿದ. "ಏನಡುಗೆ?"

"ಭಾನುವಾರದ ಅಡುಗೆ. ಮದುವೆಯಾದಾಗಿಂದ ತಿಂತಾ ಇದೀಯಲ್ಲ, ಅದು."

"ಒಂದು ವಾರ ಸ್ಯಾಂಡ್‌ವಿಚ್ ಮಾಡಿದ್ರೆ ಆಗಲ್ವಾ?"

"ಆಗುತ್ತೆ. ಮೊಮ್ಮಕ್ಕಳಿಗೆ ನೀನೇ ಹೇಳು."

ಕ್ಲೈವ್ ಕೆಟ್ಟವನಲ್ಲ. ಅವನಿಗೆ ಊಟ ಬರುವುದು ಗೊತ್ತಿತ್ತು, ಎಲ್ಲಿಂದ ಬರುತ್ತದೆಂಬುದು ಗೊತ್ತಿರಲಿಲ್ಲ, ಅಷ್ಟೇ. "ಬರೆದುಕೊಡು, ಬರೆದಿದ್ದನ್ನ ಮಾಡ್ತೀನಿ. ಮೂವತ್ತು ವರ್ಷ ವೇಳಾಪಟ್ಟಿ ನೋಡಿ ಬಸ್ ಬಿಟ್ಟೋನು ನಾನು" ಎಂದ.

ಅವಳು ಬರೆಯಲು ಕುಳಿತಳು. ಹತ್ತೂಕಾಲಿಗೆ ಮಾಂಸ ಓವನ್ನಿನೊಳಗೆ. ಹನ್ನೊಂದಕ್ಕೆ ಆಲೂ ಸುಲಿಯುವುದು. ಹನ್ನೊಂದೂವರೆಗೆ ಅರೆಬೆಂದ ಆಲೂ ಕುಲುಕಿ ಕಾದ ಕೊಬ್ಬಿಗೆ. ಮಾಂಸದ ಜೊತೆ ತಿನ್ನುವ ಉಬ್ಬಿದ ಪುಡಿಂಗಿಗೆ ಹಿಟ್ಟು ಕಲಸಿ ಪಕ್ಕಕ್ಕೆ. ಬರೆಯುತ್ತಾ ಹೋದಂತೆ ಹಾಳೆ ತುಂಬಿ, ತಿರುಗಿಸಿ, ಹಿಂದೆಯೂ ತುಂಬಿತು. ಎಣಿಸಿದರೆ ಮೂವತ್ತನಾಲ್ಕು ಸಾಲು. ತಾನು ಒಂದು ಕೆಲಸ ಮಾಡುತ್ತಿದ್ದೇನೆಂದು ಇಷ್ಟು ವರ್ಷ ಅಂದುಕೊಂಡಿದ್ದವಳು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದಳು. ಮೇಲೆ ಒಂದು ಮ್ಯಾಗ್ನೆಟ್ ಇಟ್ಟು ಫ್ರಿಜ್ಜಿಗೆ ಅಂಟಿಸಿದಳು. ಆಮೇಲೆ ಯಂತ್ರದ ಬ್ಯಾಟರಿ ಬದಲಿಸಿ, ಬೂಟು ಒರೆಸಿ ಮಲಗಿದಳು.

ಅಂದಿನ ರಾತ್ರಿ ಚಳಿಗಾಲಕ್ಕೆಂದು ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುವ ರಾತ್ರಿ. ಭಾನುವಾರ ಬೆಳಿಗ್ಗೆ ಎಲ್ಲರಿಗೂ ಒಂದು ಗಂಟೆ ಹೆಚ್ಚಿಗೆ ಸಿಗುತ್ತದೆ. ಆ ಗಂಟೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ಆವ್ರಿಲ್ ಅದನ್ನು ತನ್ನದೆಂದು ತೆಗೆದುಕೊಂಡು, ಬೆಳಕು ಹರಿಯುವಷ್ಟರಲ್ಲಿ ಹೊಲದಲ್ಲಿದ್ದಳು. ಊರಿನ ದಾರಿ ಎರಡೇ ಮೈಲಿ. ಕಾರನ್ನು ಮನೆಯಲ್ಲೇ ಬಿಟ್ಟು ಸೈಕಲ್ಲಿನಲ್ಲಿ ಬಂದಿದ್ದಳು. ಒಂದಕ್ಕೆ ಮನೆಯಲ್ಲಿರುತ್ತೇನೆ ಎಂದು ಮಾತು ಕೊಟ್ಟಿದ್ದಳು.

ಮಳೆ ನಿಂತ ಮಣ್ಣು ಕೇಕಿನಂತೆ ಮೃದುವಾಗಿತ್ತು. ಮೊದಲ ಪಟ್ಟೆಯಲ್ಲಿ ನಾಲ್ಕು ಗುಂಡಿ, ಒಂದು ಸೀಸದ ಗುಂಡು. ಎರಡನೆಯದರಲ್ಲಿ ಒಂದು ಬೆರಳುಟೊಪ್ಪಿ, ಹದಿನೆಂಟನೆಯದು. ಮೂರನೆಯದರಲ್ಲಿ ಯಂತ್ರ ಇದ್ದಕ್ಕಿದ್ದಂತೆ ಹಾಡತೊಡಗಿತು. ಅಂಥ ದನಿ ಅವಳು ಎಂದೂ ಕೇಳಿರಲಿಲ್ಲ. ಎತ್ತ ಬೀಸಿದರೂ ಸದ್ದು, ನಿಲ್ಲದ ಸದ್ದು. ಅಲ್ಲೇ ಮಂಡಿಯೂರಿ ಅಗೆದಳು. ಗೇಣು, ಒಂದೂವರೆ ಗೇಣು, ಮೊಣಕೈವರೆಗೆ ಅಗೆದಳು. ಹೆಣ್ಣೊಬ್ಬಳ ಪೆಟ್ಟಿಗೆಯೇ ಇಡಿಯಾಗಿ ಹೂತಿದೆಯೇನೋ ಎಂದು ಒಂದು ಗಳಿಗೆ ಅನ್ನಿಸಿತು. ಆಗ ಸದ್ದು ನಿಂತಿತು. ಮತ್ತೆ ಶುರುವಾಯಿತು. ಸೊಂಟದ ಜೇಬಿನಲ್ಲಿ ಏನೋ ನಡುಗುತ್ತಿತ್ತು.

ದನಿ ಅಡಗಿಸಿಟ್ಟಿದ್ದ ಮೊಬೈಲ್. ಕ್ಲೈವ್ ಮೂರನೆಯ ಸಲ ಕರೆಯುತ್ತಿದ್ದ. ಫೋನ್ ಬಂದಾಗಲೆಲ್ಲ ಯಂತ್ರ ಕೂಗುತ್ತಿತ್ತು. ಸಂಘದಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಅದು: ಫೋನನ್ನು ಯಂತ್ರದ ಹತ್ತಿರ ತರಬಾರದು.

"ಹಿಟ್ಟು ಜರಡಿ ಹಿಡಿಯೋದು ಅಂತ ಬರೆದಿದೀಯ. ಜರಡಿ ಎಲ್ಲಿ?"

"ಒಲೆ ಎಡಗಡೆ, ಎರಡನೇ ಖಾನೆ."

"ಅಲ್ಲಿಲ್ಲ."

"ಮುಂದಿರೋ ಪಾತ್ರೆ ಎತ್ತಿ ನೋಡು."

"...ಇದೆ."

"ಕ್ಲೈವ್, ನಿನ್ನ ಜರಡಿಗೋಸ್ಕರ ನಾನೀಗ ಮೊಣಕೈಯಷ್ಟು ಆಳ ಅಗೆದಿದೀನಿ."

"ಹೊಲದಲ್ಲಿ ಯಾಕೆ ಹುಡುಕಿದೆ? ಜರಡಿ ಇಲ್ಲೇ ಇತ್ತಲ್ಲ" ಎಂದ ಕ್ಲೈವ್. ಅವಳು ನಕ್ಕು ಫೋನ್ ಇಟ್ಟಳು. ಆಮೇಲೆ ಹೊಲದ ಗೇಟಿನವರೆಗೆ ನಡೆದು ಹೋಗಿ, ಫೋನನ್ನು ತನ್ನ ಬುತ್ತಿಯ ಡಬ್ಬಿಯೊಳಗೆ, ಚೀಸಿನ ಪಕ್ಕ ಹಾಕಿ, ಮುಚ್ಚಿ, ಗೇಟಿಗೆ ನೇತುಹಾಕಿ ಬಂದಳು. ಕೈಗಡಿಯಾರವನ್ನು ಅವಳು ಹೊಲಕ್ಕೆ ತರುತ್ತಲೇ ಇರಲಿಲ್ಲ.

ನಾಲ್ಕು, ಐದು, ಆರು. ಬೂಟಿಗೆ ಮಣ್ಣು ಹತ್ತಿ ಹತ್ತಿ ಒಂದೊಂದು ಕಾಲೂ ಒಂದೊಂದು ಬಕೆಟ್ಟಿನಷ್ಟು ಭಾರವಾಯಿತು. ಬೆನ್ನು ಬೈಯುತ್ತಿತ್ತು. ಆದರೂ ಅವಳಿಗೆ ತಾನು ಗುನುಗುತ್ತಿರುವುದು ಆರನೆಯ ಪಟ್ಟೆಯ ಕೊನೆಯಲ್ಲಿ ಗೊತ್ತಾಯಿತು. ಒಂದು ಕುದುರೆಲಾಳ, ಆರು ಗುಂಡಿ. ಸೂಜಿಡಬ್ಬಿಯಿಲ್ಲ. ಉಳಿದದ್ದು ಕೆರೆಯಂಚಿನ ಕೊನೆಯ ಪಟ್ಟೆ.

ಆಗ ಗೇಟಿನ ಬಳಿ ಕಾರು ನಿಂತಿತು. ಕ್ಲೈವ್ ಇಳಿದು, ಏಪ್ರನ್ ಬಿಚ್ಚದೆಯೇ, ಕೈಯಲ್ಲಿ ಗ್ರೇವಿ ಕಲಕುವ ಸೌಟು ಹಿಡಿದು ಹೊಲಕ್ಕೇ ನಡೆದು ಬಂದ. ಅವನು ಹತ್ತಿರ ಬಂದಂತೆ ಯಂತ್ರ ಕಿರುಚಿತು. ಅವನ ಹಳೆಯ ಕೆಲಸದ ಬೂಟಿನ ಮೂತಿಯೊಳಗೆ ಉಕ್ಕಿನ ತಗಡಿತ್ತು.

"ಅಲ್ಲೇ ನಿಲ್ಲು" ಎಂದಳು ಆವ್ರಿಲ್, ಹೆಡ್‌ಫೋನ್ ಕಳಚುತ್ತಾ. "ಹತ್ತು ಹೆಜ್ಜೆ ದೂರ."

"ಎಲ್ಲಿ ಹೋದ್ರಿ ಎಲ್ಲಾರೂ?" ಅವನು ನಿಂತಲ್ಲಿಂದಲೇ ಕೂಗಿದ. "ಮೇಜಿನ ಮುಂದೆ ನಾನೊಬ್ನೇ ಕೂತಿದೀನಿ. ಜೋಆನ್ ಇಲ್ಲ, ಮಕ್ಕಳಿಲ್ಲ, ನೀನು ಫೋನ್ ಎತ್ತಲ್ಲ. ಕೆರೇಲಿ ಬಿದ್ಯೇನೋ ಅಂದ್ಕೊಂಡೆ. ಪುಡಿಂಗ್ ಎದ್ದಿತ್ತು ಕಣೇ, ಹಿಂಗೆ, ಇಷ್ಟೆತ್ತರ ಎದ್ದಿತ್ತು. ಈಗ ಕೂತ್ಕೊಂಡಿರುತ್ತೆ. ಒಂದೂಕಾಲಾಯ್ತು."

ಒಂದೂಕಾಲು. ಆವ್ರಿಲ್ ಕೊನೆಯ ಪಟ್ಟೆಯನ್ನು ನೋಡಿದಳು. ಮೂವತ್ತು ಮಾರು, ಹೆಚ್ಚೆಂದರೆ ನಲವತ್ತು. ನಾಳೆ ಬೆಳಿಗ್ಗೆ ಅಲ್ಲಿ ಸಸಿ ನೆಡುವವರು ಇರುತ್ತಾರೆ. ಕ್ಲೈವ್ ಮೊದಲ ಸಲ ಅಡುಗೆ ಮಾಡಿದ್ದ. ಅದೂ ಸರಿಯಾದ ಹೊತ್ತಿಗೆ. ಮಾತು ತಪ್ಪಿದವಳು ತಾನು. ಹೆಡ್‌ಫೋನಿನ ತಂತಿ ಸುತ್ತತೊಡಗಿದಳು. ಎರಡು ಸುತ್ತು ಸುತ್ತಿ ನಿಲ್ಲಿಸಿದಳು.

"ಯಾವ ಗಡಿಯಾರದಲ್ಲಿ ಒಂದೂಕಾಲು?"

"ಓವನ್ನಿಂದು. ಮತ್ಯಾವುದು? ನೀನು ಬರೆದ ಹಾಗೆ ಒಂದೊಂದು ಸಾಲೂ ಅದನ್ನೇ ನೋಡಿ ಮಾಡಿದೀನಿ. ಕಾರಿನಲ್ಲೂ ನೋಡ್ದೆ, ಅದ್ರಲ್ಲೂ ಅಷ್ಟೇ."

"ಅದನ್ನ ಹಿಂದಕ್ಕೆ ತಿರುಗಿಸಿದ್ಯಾ?"

"ಯಾವುದನ್ನ?"

"ಓವನ್ ಗಡಿಯಾರ. ಕಾರಿನದ್ದು. ನಿನ್ನೆ ರಾತ್ರಿ."

ಕ್ಲೈವ್ ಸೌಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಅವು ತಾವೇ ತಿರುಗಲ್ವಾ?"

ನಲವತ್ತೆರಡು ವರ್ಷ, ವರ್ಷಕ್ಕೆ ಎರಡು ಸಲ, ಆವ್ರಿಲ್ ಸ್ಟೂಲು ಹಿಡಿದು ಮನೆಯ ಒಂಬತ್ತು ಗಡಿಯಾರ ತಿರುಗಿಸಿದ್ದಳು. ಮಲಗುವ ಕೋಣೆಯದು, ಹಜಾರದ್ದು, ಮನೆ ಬೆಚ್ಚಗಿಡುವ ಯಂತ್ರದ್ದು, ಓವನ್ನಿನದು, ಕೊನೆಗೆ ರಾತ್ರಿಯಂಗಿಯಲ್ಲೇ ಹೊರಗೆ ಹೋಗಿ ಕಾರಿನದು. ಮಾರನೆಯ ದಿನ ಎದ್ದವನಿಗೆ ಹೊತ್ತು ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ನಿನ್ನೆ ಅವಳು ತನ್ನ ಹಾಸಿಗೆ ಪಕ್ಕದ್ದೊಂದನ್ನು ತಿರುಗಿಸಿ ಮಲಗಿಬಿಟ್ಟಿದ್ದಳು.

ಅವಳು ಗೇಟಿಗೆ ಹೋಗಿ ಬುತ್ತಿ ಡಬ್ಬಿ ತೆರೆದಳು. ಚೀಸಿನ ವಾಸನೆಯ ಫೋನಿನಲ್ಲಿ ಹನ್ನೆರಡೂ ಹದಿನೇಳು.

"ಜೋಆನ್ ಇನ್ನೂ ಮನೆ ಬಿಟ್ಟಿರಲ್ಲ" ಎಂದಳು. "ನೀನು ಒಂದು ಗಂಟೆ ಮುಂಚೆ ಅಡುಗೆ ಮುಗಿಸಿದೀಯ. ನಾನು ಯಾವತ್ತೂ ಮುಗಿಸಿಲ್ಲ."

ಕ್ಲೈವ್ ಬೆರಳು ಮಡಿಸಿ ಲೆಕ್ಕ ಹಾಕಿ, "ಹಂಗಾದ್ರೆ ನಾನು ಆರೂವರೆಗೇ ಎದ್ದಿದೀನಿ" ಎಂದ, ಮೋಸಹೋದವನಂತೆ.

"ಮಾಂಸ ಹೊರಗಿಟ್ಟು ಮುಚ್ಚಿದೀಯಲ್ಲ?"

"ಸಾಲು ಇಪ್ಪತ್ತೆಂಟು. ಮುಚ್ಚಿದೀನಿ."

"ಅದು ಆರಾಮಾಗಿ ಕಾಯುತ್ತೆ. ಪುಡಿಂಗಿಗೆ ಇನ್ನೊಂದು ಸಲ ಹಿಟ್ಟು ಕಲಸಬೇಕು ಅಷ್ಟೇ. ಜರಡಿ ಎಲ್ಲಿದೆ ಗೊತ್ತಲ್ಲ?"

"ಗೊತ್ತು" ಎಂದ. ಆದರೆ ಹೋಗಲಿಲ್ಲ. "ಏನು ಹುಡುಕ್ತಿದೀಯ ಅಷ್ಟು?"

ಮಾರ್ಚಿನಿಂದ ಅವಳು ಅದನ್ನು ಮೂರು ಸಲ ಹೇಳಿದ್ದಳು. ನಾಲ್ಕನೆಯ ಸಲ ಹೇಳಿದಳು. ಈ ಸಲ ಅವನು ಕೇಳಿಸಿಕೊಂಡ. ಬೂಟು ಬಿಚ್ಚಿ ಗೇಟಿನ ಬಳಿ ಇಟ್ಟು, ಕಾಲುಚೀಲದಲ್ಲೇ ಒದ್ದೆ ಮಣ್ಣಿನ ಮೇಲೆ ನಡೆದು ಬಂದು, ಅವಳ ಹಿಂದೆ ಬಿದಿರುಕಡ್ಡಿ ಕೀಳುತ್ತಾ ಬಂದ. ಸೌಟನ್ನು ಮಾತ್ರ ಬೂಟಿನೊಳಗೆ ನಿಲ್ಲಿಸಿದ್ದ.

ಕೊನೆಯ ಪಟ್ಟೆಯ ಮುಕ್ಕಾಲು ದೂರದಲ್ಲಿ ದನಿ ಬಂತು. ದೊಡ್ಡದಲ್ಲ. ಕಾಯುವ ಹಾಲಿನ ಕೆನೆಯಡಿಯಿಂದ ಒಂದು ಗುಳ್ಳೆ ಎದ್ದ ಹಾಗೆ. ಎಡದಿಂದ ಬೀಸಿದಳು, ಬಲದಿಂದ ಬೀಸಿದಳು. ದುಂಡಗಿತ್ತು.

"ಏನು?" ಎಂದ ಕ್ಲೈವ್.

"ಷ್."

ಮೂರು ಕಡೆ ಕತ್ತರಿಸಿದಳು, ಎತ್ತಿದಳು. ಮಣ್ಣಿನ ಮುದ್ದೆಯಲ್ಲಿ ಹಸಿರುಗಟ್ಟಿದ ಒಂದು ಕೊಳವೆ, ಕಿರುಬೆರಳುದ್ದ, ಒಂದು ತುದಿ ನೇಗಿಲಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಅವಳು ಉಜ್ಜಲಿಲ್ಲ, ಉಜ್ಜಿದರೆ ಅಕ್ಷರ ಹೋಗುತ್ತದೆ. ಬಾಟಲಿಯ ನೀರನ್ನು ಹನಿಹನಿಯಾಗಿ ಬಿಟ್ಟು ಮಣ್ಣು ತಾನಾಗಿ ಇಳಿಯಲು ಬಿಟ್ಟಳು. ಚುಕ್ಕೆಗಳು ಒಂದೊಂದಾಗಿ ಕಂಡವು.

"ಮನೆತನದ ಹೆಸರು ಇದೆಯಾ?" ಕ್ಲೈವ್ ಅವಳ ಹೆಗಲ ಮೇಲಿಂದ ಬಗ್ಗಿದ. "ಯಾರ ಹೆಂಡತಿ ಅಂತ?"

ಮನೆತನದ ಹೆಸರಿರಲಿಲ್ಲ. ಊರಿನ ಹೆಸರೂ ಇರಲಿಲ್ಲ. ಮೇಲಿನ ಸಾಲಿನಲ್ಲಿ ಎರಡು ಪದ: ಇದು ನನ್ನದು. ಕೆಳಗೆ, ಇನ್ನೂ ಆಳವಾಗಿ ಕುಟ್ಟಿದ ಚುಕ್ಕೆಗಳಲ್ಲಿ: ತೆಗೆದವರು ವಾಪಸು ಇಡಿ.

ಆವ್ರಿಲ್ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಹಿಮ್ಮಡಿಯ ಮೇಲೆ ಕುಳಿತವಳು ಹಾಗೇ ಹಿಂದಕ್ಕೆ ವಾಲಿ, ಕೆಸರಿನಲ್ಲೇ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ಮನೆಯಲ್ಲೂ ಯಾರೋ ಕೇಳದೆ ತೆಗೆಯುತ್ತಿದ್ದರು. ಆ ಮನೆಯಲ್ಲೂ ಒಬ್ಬಳು ಹುಡುಕಿ ಹುಡುಕಿ ಸಾಕಾಗಿ, ಒಂದು ದಿನ ಮೊಳೆ ಸುತ್ತಿಗೆ ಹಿಡಿದು ಕುಳಿತಿದ್ದಳು.

"ಯಾರು ಅಂತ ಗೊತ್ತಾಗಲಿಲ್ಲವಲ್ಲ" ಎಂದ ಕ್ಲೈವ್, ಪಾಪ ಎನ್ನುವಂತೆ.

"ಚೆನ್ನಾಗೇ ಗೊತ್ತಾಯ್ತು" ಎಂದಳು ಆವ್ರಿಲ್.

ಒಂದಕ್ಕೆ ಐದು ನಿಮಿಷವಿದ್ದಾಗ ಅವರು ಮನೆ ಸೇರಿದರು, ಸೈಕಲ್ಲು ಕಾರಿನ ಹಿಂದೆ ಅರ್ಧ ಹೊರಗೆ. ಜೋಆನ್ ಬಾಗಿಲಲ್ಲೇ ನಿಂತಿದ್ದಳು. "ಅಪ್ಪ, ನಿನ್ನ ಬೂಟಿನಲ್ಲಿ ಸೌಟು ಯಾಕಿದೆ? ಅಮ್ಮ, ಇದೇನು ವೇಷ?" ಪುಡಿಂಗ್ ಎರಡನೆಯ ಸಲ ಅಷ್ಟು ಎತ್ತರ ಏಳಲಿಲ್ಲ. ಮೊದಲ ಸಲದ್ದನ್ನು ಯಾರೂ ನೋಡಲಿಲ್ಲವೆಂಬ ಕೊರಗನ್ನು ಕ್ಲೈವ್ ಊಟ ಮುಗಿಯುವವರೆಗೆ ಹೇಳಿಕೊಂಡ. ಆವ್ರಿಲ್ ಕೈ ತೊಳೆದು ಬಂದು, ಬೇರೆಯವರು ಬಡಿಸಿದ ತಟ್ಟೆಯ ಮುಂದೆ ಕುಳಿತು, ಎರಡು ಸಲ ಆಲೂ ಹಾಕಿಸಿಕೊಂಡಳು.

ಮಂಗಳವಾರ ಸಂಘದಲ್ಲಿ ಡೆಸ್ಮಂಡ್ ಡಬ್ಬಿಯೊಳಗೆ ಇಣುಕಿ, "ಗುಂಡೀನಾ?" ಎಂದ. ಅವಳು ಕೊಳವೆಗೆ ಮುಚ್ಚಳ ಜೋಡಿಸಿ ಅವನ ಮುಂದಿಟ್ಟಳು. ಅವನು ಓದಿದ. ಮುಟ್ಟಲು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ.

ಮನೆಯಲ್ಲಿ ಓವನ್ ಗಡಿಯಾರ ಒಂದು ಗಂಟೆ ಮುಂದೆಯೇ ಓಡುತ್ತಿತ್ತು. ಆವ್ರಿಲ್ ಅದರತ್ತ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ಅಡುಗೆಮನೆಯಿಂದ ಕ್ಲೈವ್ ಕೂಗಿದ: "ಆವ್ರಿಲ್, ಈ ಗಡಿಯಾರ ತಿರುಗಿಸೋ ಪುಸ್ತಕ ಎಲ್ಲಿದೆ?"

ಅವಳು ಹಜಾರದಲ್ಲಿ ಕುಳಿತು ಬೂಟಿನ ದಾರ ಕಟ್ಟುತ್ತಿದ್ದಳು. ಹೊಸ ಹೊಲವೊಂದಕ್ಕೆ ಒಪ್ಪಿಗೆ ಸಿಕ್ಕಿತ್ತು. "ಹುಡುಕು" ಎಂದಳು. "ಚೆನ್ನಾಗಿರುತ್ತೆ."